ಹೊಳೆಯಿಂದ ತಂದ ಒಂದು ಚೀಲ

ರಾಘು, ಬೆಳಿಗ್ಗೆ ನೀನು ಮನೆಯವರ ಗ್ರೂಪಿಗೆ ಹಾಕಿದ ವಿಡಿಯೊ ಎರಡೆರಡು ಸಲ ನೋಡಿದೆ. ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಮಂಟಪದ ಹತ್ತಿರ, ನೆರೆ ಇಳಿದ ಮೇಲೆ ಸಿಕ್ಕಿಕೊಂಡಿರುವ ಪ್ಲಾಸ್ಟಿಕ್ ರಾಶಿ. ಅದರ ಕೆಳಗೆ ನೀನು, ಪ್ರವಾಸಿಗರು ಬಂದು ನಮ್ಮ ತುಂಗೆಯನ್ನು ಹಾಳು ಮಾಡಿದರು ಅಂತ ಬರೆದಿದ್ದೀಯ. ಶ್ರೀಧರ ಭಾವ ಪಾಲಿಕೆ, ಪಂಚಾಯ್ತಿ ಎರಡನ್ನೂ ಬೈದಿದ್ದಾರೆ. ಸುಮಕ್ಕ, ಎಲ್ಲರದ್ದೂ ತಪ್ಪಿದೆ, ಯಾರನ್ನು ಅಂತ ದೂರುವುದು ಅಂದಿದ್ದಾಳೆ. ನನಗೆ ಇದಕ್ಕೆ ಉತ್ತರ ಹೇಳಲೇಬೇಕು ಅನ್ನಿಸಿದೆ. ಮಾತಾಡಿ ಕಳಿಸೋಣ ಅಂದರೆ ಇಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿದೆ. ಅದಕ್ಕೆ ನಾನು ಹೇಳಿದ ಹಾಗೇ ಪುಟ್ಟಿ ಟೈಪ್ ಮಾಡುತ್ತಿದ್ದಾಳೆ. ಉದ್ದ ಆಗುತ್ತದೆ, ಪೂರ್ತಿ ಓದಿ.

ಪುಷ್ಯ ಮಳೆ ಈ ಸಲ ಬಿಡದೆ ಹೊಡೆಯಿತು. ಹೊಳೆ ನಮ್ಮ ಕೆಳಗಿನ ತೋಟದ ಎರಡನೇ ಸಾಲಿನವರೆಗೆ ಬಂದಿತ್ತು. ಮೊನ್ನೆ ಇಳಿಯಿತು. ನಿನ್ನೆ ಸ್ವಲ್ಪ ಬಿಸಿಲು ಬಂತಲ್ಲ, ನಾನೂ ಪುಟ್ಟಿಯೂ ದಂಡೆಗೆ ಹೋದೆವು. ವಾಟೆ ಬಿದಿರಿನ ಹಿಂಡಿಲಿನಲ್ಲಿ ನನ್ನ ತಲೆಗಿಂತ ಎತ್ತರಕ್ಕೆ ಕವರುಗಳು ನೇತಾಡುತ್ತಿದ್ದವು. ನೀರು ಎಲ್ಲಿವರೆಗೆ ಏರಿತ್ತು ಅಂತ ಬೇರೆ ಗುರುತೇ ಬೇಡ. ಖಾಲಿ ಗೊಬ್ಬರದ ಚೀಲ ಒಂದು ಹಿಡಿದುಕೊಂಡು ಹೋಗಿದ್ದೆವು. ಅರ್ಧ ಗಂಟೆಯಲ್ಲಿ ತುಂಬಿತು. ಮನೆಗೆ ತಂದು ಅಂಗಳದಲ್ಲಿ ಸುರಿದು, ಕೆಸರು ತೊಳೆದು, ಒಂದೊಂದೇ ಬೇರೆ ಮಾಡಿದೆವು. ಮಧ್ಯಾಹ್ನದ ಊಟ ಮೂರು ಗಂಟೆಗಾಯಿತು.

ರಾಘು, ಪ್ರವಾಸಿಗರ ಕಸ ಅದರಲ್ಲಿ ಇರಲಿಲ್ಲ ಅಂತ ಅಲ್ಲ. ನೀರಿನ ಬಾಟಲಿ ಇದ್ದವು, ಚಿಪ್ಸ್ ಪ್ಯಾಕೆಟ್ ಇದ್ದವು. ಆಗುಂಬೆ ಕಡೆ ಹೋಗುವವರು ಹೊಳೆ ಕಂಡಲ್ಲಿ ಕಾರು ನಿಲ್ಲಿಸಿ, ಊಟ ಮಾಡಿ, ತಟ್ಟೆ ಅಲ್ಲೇ ಬಿಟ್ಟು ಹೋಗುವುದನ್ನು ನಾನೇ ನೋಡಿದ್ದೇನೆ. ಕೇಳಿ ಜಗಳವನ್ನೂ ಆಡಿದ್ದೇನೆ. ಆದರೆ ಅದಕ್ಕಿಂತ ಜಾಸ್ತಿ ಚೀಲದಲ್ಲಿ ಬೇರೆಯೇ ಇತ್ತು. ಹಾಲಿನ ಪ್ಯಾಕೆಟ್ಟಿನ ಮೂಲೆ. ಕತ್ತರಿಸಿ ಎಸೆಯುತ್ತೇವಲ್ಲ, ಉಗುರಿನಷ್ಟು ಚೂರು, ಅದು. ಶಾಂಪೂ ಸ್ಯಾಶೆ. ಮಾತ್ರೆ ಖಾಲಿಯಾದ ಪಟ್ಟಿ. ಮಗುವಿನ ಡೈಪರ್, ನೀರು ಕುಡಿದು ಕಲ್ಲಿನಷ್ಟು ಭಾರ. ದೇವರಿಗೆ ಹೂವಿನ ಹಾರ ತಂದ ಕವರ್, ಹಾರದ ದಾರ ಇನ್ನೂ ಒಳಗೇ ಇತ್ತು. ಪ್ರವಾಸಕ್ಕೆ ಬಂದವರು ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಹೊಳೆಗೆ ಹಾಕುತ್ತಾರಾ? ಇದು ಮನೆ ಕಸ. ಹೊಳೆಯ ಮೇಲ್ಗಡೆ ಇರುವ ನಮ್ಮಂಥವರ ಮನೆಯದ್ದು.

ಆಮೇಲೆ ಒಂದು ಸಿಕ್ಕಿತು. ಹಗ್ಗದ ಹಾಗೆ ಹೊಸೆದುಕೊಂಡಿದ್ದ ಬಿಳಿ ಪ್ಲಾಸ್ಟಿಕ್. ಬಿಡಿಸಿ ನೋಡಿದರೆ ಅಡಿಕೆ ಕೊಟ್ಟೆ, ಮಳೆಗೆ ನೆನೆಯದ ಹಾಗೆ ಅಡಿಕೆ ಗೊನೆಗೆ ಕಟ್ಟುವ ಚೀಲ. ಬಾಯಿಗೆ ಹಸಿರು ಹುರಿ, ಎರಡು ಸುತ್ತು ಹಾಕಿ ಒಂದು ಕಡೆ ಉದ್ದಕ್ಕೆ ಕಿವಿ ಬಿಟ್ಟ ಗಂಟು. ಆ ಗಂಟು ನನಗೆ ಗೊತ್ತು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ನಮ್ಮ ಕೊನೆಗಾರ ಹಾಕುವ ಗಂಟು ಅದು. ನಮ್ಮ ಮೇಲಿನ ತೋಟದ ಹಳ್ಳ ಹೊಳೆಗೆ ಸೇರುವುದೂ ಆ ಜಾಗದಲ್ಲೇ. ಅದನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ಬೆಂಗಳೂರಲ್ಲಿ ಬೆಳೆದ ಮಕ್ಕಳಿಗೆ ಇದು ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರುತ್ತದೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ ಹೊಡೆಯುತ್ತೇವೆ. (ಮೈಲುತುತ್ತದ ತಾಮ್ರವೂ ಸ್ವಲ್ಪ ಹೊಳೆಗೇ ಇಳಿಯುತ್ತದೆ, ಆ ಮಾತು ಇನ್ನೊಂದು ದಿನ.) ಅದರ ಜೊತೆಗೆ ಅಡಿಕೆ ಗೊನೆಗೆ ನೀರು ಬೀಳದ ಹಾಗೆ ಕೊಟ್ಟೆ ಕಟ್ಟುವುದು. ಅಪ್ಪಯ್ಯನ ಕಾಲದಲ್ಲಿ ಅಡಿಕೆ ಹಾಳೆಯ ಕೊಟ್ಟೆ ಇತ್ತು. ಬಿದ್ದರೂ ಅಲ್ಲೇ ಕೊಳೆತು ಗೊಬ್ಬರ ಆಗುತ್ತಿತ್ತು. ಈಗ ಕಟ್ಟುವವರಲ್ಲಿ ಬಹಳ ಜನ ಪ್ಲಾಸ್ಟಿಕ್ಕಿನದ್ದೇ ಕಟ್ಟುತ್ತಾರೆ, ನಾವೂ ಹಾಗೇ. ಅದು ಬೇಗ ಕಟ್ಟಲಿಕ್ಕೆ ಆಗುತ್ತದೆ, ಆಳು ಸಿಗುವುದಿಲ್ಲ, ಎಲ್ಲ ನಿಜ. ಮಳೆ ಮುಗಿದ ಮೇಲೆ ಕೊನೆಗಾರ ಮರದ ಮೇಲಿಂದಲೇ ಬಿಚ್ಚಿ ಕೆಳಗೆ ಬಿಡುತ್ತಾನೆ. ಆರಿಸುವವರು ಯಾರು? ಒಳ್ಳೆಯದನ್ನು ಆರಿಸುತ್ತೇವೆ, ಹರಿದದ್ದನ್ನು ಬಿಡುತ್ತೇವೆ. ಅದು ಸೋಗೆಯಡಿ ಒಂದು ವರ್ಷ ಕೂತು, ಮುಂದಿನ ಮಳೆಗೆ ಬಸಿಗಾಲುವೆಗೆ, ಬಸಿಗಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಯಾರೂ ಹೊಳೆಗೆ ಎಸೆದದ್ದಲ್ಲ. ಆದರೂ ಹೊಳೆಯಲ್ಲಿದೆ.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಸೌದೆ ಹಸಿ. ಬಚ್ಚಲು ಒಲೆ ಹತ್ತಿಸಲಿಕ್ಕೆ ಒಂದು ಕವರ್ ಹಾಕಿದರೆ ಭಗ್ ಅಂತ ಹತ್ತುತ್ತದೆ. ನಾನೂ ವರ್ಷಗಟ್ಟಲೆ ಹಾಕಿದ್ದೇನೆ. ಹೊಳೆಗೆ ಹೋಗುವುದಕ್ಕಿಂತ ಸುಟ್ಟರೆ ವಾಸಿ ಅಲ್ವಾ ಅಂದುಕೊಂಡಿದ್ದೆ. ಆ ಹೊಗೆ ಎಷ್ಟು ಕೆಟ್ಟದ್ದು ಅಂತ ತಿಳಿದ ಮೇಲೆ ಬಿಟ್ಟೆ. ಈಗ ಗರಟೆ, ಒಣಗಿಸಿಟ್ಟ ಅಡಿಕೆ ಸಿಪ್ಪೆ ಸಾಕಾಗುತ್ತದೆ.

ಈಗ ಸುಮಕ್ಕನಿಗೆ. ಎಲ್ಲರದ್ದೂ ತಪ್ಪು ಅಂತ ನೀನು ಹೇಳಿದ್ದು ಬೇಜಾರಿನಿಂದ, ಗೊತ್ತು ನನಗೆ. ಆದರೆ ಅಂಗಳದಲ್ಲಿ ಬೇರೆ ಮಾಡಿ ಇಟ್ಟ ರಾಶಿಗಳನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಒಂದೊಂದು ರಾಶಿಯೂ ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗುತ್ತದೆ. ಕೊಟ್ಟೆ ನಮ್ಮ ಬಾಗಿಲಿಗೆ. ಹಾಲಿನ ಮೂಲೆ ನಮ್ಮ ಬಾಗಿಲಿಗೆ. ಆದರೆ ಎಲ್ಲಕ್ಕಿಂತ ದೊಡ್ಡ ರಾಶಿ ಪಾನ್ ಮಸಾಲ, ತಂಬಾಕಿನ ಪೊಟ್ಟಣದ್ದು. ಅದು ಎಲ್ಲಿಗೆ ಹೋಗುತ್ತದೆ ನೋಡು.

ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು 2013ರ ಮೇ ತಿಂಗಳಲ್ಲಿ. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಅಂತ ಬೇರೆ ಮಾಡಿ ಜೋಡಿಯಾಗಿ ಮಾರತೊಡಗಿದರು. ಕೊಂಡವನು ತಾನೇ ಬೆರೆಸಿಕೊಳ್ಳುತ್ತಾನೆ. ಹೊಳೆಗೆ ಒಂದು ಬರುತ್ತಿದ್ದ ಕಡೆ ಎರಡು ಬರುತ್ತಿದೆ. ಅದಲ್ಲದೆ ಗುಟ್ಕಾ, ತಂಬಾಕು, ಪಾನ್ ಮಸಾಲವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಲೇಬಾರದು ಅಂತ ಕೇಂದ್ರದ ನಿಯಮವೇ ಇದೆ. 2011ರ ನಿಯಮದಲ್ಲೂ ಇತ್ತು, 2016ರದ್ದರಲ್ಲೂ ಇದೆ. ನಾನು ತೊಳೆದಿಟ್ಟ ಒಂದು ಪೊಟ್ಟಣ ಹರಿದು ನೋಡಿದೆ. ಹೊರಗೆ ಬಣ್ಣದ ಪದರ, ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಪದರ. ಎಳೆದರೆ ಹರಿಯುವ ಮೊದಲು ಹಿಗ್ಗುತ್ತದೆ. ಕಾಗದ ಹಿಗ್ಗುತ್ತದಾ?

ಇದನ್ನು ಗುಜರಿಯವನೂ ಮುಟ್ಟುವುದಿಲ್ಲ. ಬಾಟಲಿ ತೆಗೆದುಕೊಳ್ಳುತ್ತಾನೆ, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳುತ್ತಾನೆ. ಪದರ ಪದರ ಅಂಟಿಸಿದ ಪೊಟ್ಟಣವನ್ನು ಬಿಡಿಸಿ ಕರಗಿಸುವುದು ಕಷ್ಟ, ಅದಕ್ಕೆ ಬೆಲೆ ಇಲ್ಲ. ಬೆಲೆ ಇಲ್ಲದ್ದೇ ಹೊಳೆಯಲ್ಲಿ ಉಳಿಯುವುದು.

ಮತ್ತೆ ಅದರೊಳಗೆ ಇದ್ದದ್ದು ಯಾರ ಅಡಿಕೆ? ನಾವು ಮಂಡಿಗೆ ಹಾಕುವ ಕೆಂಪಡಿಕೆ ಬಹುಪಾಲು ಹೋಗುವುದು ಈ ಪಾನ್ ಮಸಾಲಕ್ಕೇ. ನಮ್ಮ ಮನೆಯ ಹೆಂಚು ಬದಲಾಯಿಸಿದ್ದು ಆ ದುಡ್ಡಲ್ಲಿ. ರಾಘು, ನಿನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದೂ ಆ ದುಡ್ಡಲ್ಲೇ. ಅಡಿಕೆ ಬೆಳೆಯಬೇಡಿ ಅಂತ ನಾನು ಹೇಳುತ್ತಿಲ್ಲ, ನಮಗೆ ಬೇರೆ ದಾರಿಯೂ ಇಲ್ಲ. ಆದರೆ ಬೆಲೆ ಇಳಿದರೆ ನಾವು ಬೀದಿಗೆ ಇಳಿಯುತ್ತೇವೆ, ಹೊರದೇಶದ ಅಡಿಕೆ ಬಂದರೆ ದೆಹಲಿಯವರೆಗೆ ಹೋಗುತ್ತೇವೆ. ಪೊಟ್ಟಣದ ವಿಷಯದಲ್ಲಿ ಒಂದು ಸಲವಾದರೂ ಬಾಯಿ ಬಿಡಬಹುದಲ್ಲ? ನಮ್ಮ ಮಾಲು ತೆಗೆದುಕೊಳ್ಳುವವರು ಅದನ್ನು ಎಂಥದರಲ್ಲಿ ಕಟ್ಟಿ ಮಾರುತ್ತಾರೆ ಅಂತ ಕೇಳುವ ಹಕ್ಕು ಬೆಳೆದವರಿಗೆ ಇದೆ. ಭಾವ, ನೀವು ಅಡಿಕೆ ಬೆಳೆಗಾರರ ಸೊಸೈಟಿಯ ಸಭೆಗೆ ಹೋಗುತ್ತೀರಲ್ಲ, ಈ ಸಲ ಅಲ್ಲಿ ಇದನ್ನು ಎತ್ತಿ.

ಕಂಪನಿಗಳದ್ದು ಇನ್ನೂ ಇದೆ. ಪ್ಲಾಸ್ಟಿಕ್ಕಿನಲ್ಲಿ ಮಾಲು ಕಟ್ಟಿ ಮಾರುವವರು ಆ ಪ್ಲಾಸ್ಟಿಕ್ಕಿನ ಹೊಣೆಯನ್ನೂ ಹೊರಬೇಕು ಅಂತ 2016ರ ನಿಯಮ ಹೇಳುತ್ತದೆ. 2022ರಲ್ಲಿ ಅದಕ್ಕೆ ಲೆಕ್ಕವನ್ನೂ ಕಟ್ಟಿದರು. ತಾವು ಮಾರುಕಟ್ಟೆಗೆ ಬಿಟ್ಟಷ್ಟು ಪ್ಲಾಸ್ಟಿಕ್ಕಿನಲ್ಲಿ 2022-23ಕ್ಕೆ ನೂರಕ್ಕೆ 70, 2023-24ರಿಂದ ನೂರಕ್ಕೆ ನೂರು ವಾಪಸು ಆಗಬೇಕು. ಕಾಗದದಲ್ಲಿ ನೋಡಿದರೆ ಹೊಳೆಯಲ್ಲಿ ಒಂದು ಪೊಟ್ಟಣವೂ ಇರಬಾರದು. ಆದರೆ ತನ್ನದೇ ಪೊಟ್ಟಣವನ್ನೇ ಕಂಪನಿ ಹೆಕ್ಕಬೇಕು ಅಂತ ಇಲ್ಲ. ಅದೇ ಬಗೆಯ ಪ್ಲಾಸ್ಟಿಕ್ಕನ್ನು ಅಷ್ಟೇ ತೂಕಕ್ಕೆ ದೇಶದಲ್ಲಿ ಎಲ್ಲೋ ಒಂದು ಕಡೆ ಯಾರೋ ಮರುಬಳಕೆ ಮಾಡಿದ ಪ್ರಮಾಣಪತ್ರ ಕೊಂಡರೂ ಆಯಿತು. 2023ರಲ್ಲಿ ನಕಲಿ ಪ್ರಮಾಣಪತ್ರಗಳೂ ಸಿಕ್ಕಿಬಿದ್ದವು. ನಮ್ಮ ವಾಟೆ ಹಿಂಡಿಲಿಗೆ ಯಾರ ಪ್ರಮಾಣಪತ್ರವೂ ಬರಲಿಲ್ಲ. ಹೊಣೆ ಅಂತ ಕೇಳಿದರೆ ನಾನು ಮೊದಲು ಇವರನ್ನೇ ಹೇಳುವುದು. ಎಸೆದವನು ಒಂದು ಎಸೆದ. ಹೆಕ್ಕಿದರೂ ಪ್ರಯೋಜನ ಇಲ್ಲದ ವಸ್ತುವನ್ನು ಕೋಟಿಗಟ್ಟಲೆ ಮಾಡಿ ಹಳ್ಳಿ ಹಳ್ಳಿಯ ಗೂಡಂಗಡಿಗೆ ನೇತು ಹಾಕಿದವರು ಇವರು.

ಭಾವ, ಪಂಚಾಯ್ತಿಯವರನ್ನು ನೀವು ಬೈದದ್ದರಲ್ಲಿ ಅರ್ಧ ಒಪ್ಪುತ್ತೇನೆ. ಕಸದ ಗಾಡಿ ನಮ್ಮ ಕಡೆ ಬಂದಿದೆ, ಓಡಿಸುವುದು ಸ್ವಸಹಾಯ ಸಂಘದ ಹುಡುಗಿ. ಚೆನ್ನಾಗಿ ಕೆಲಸ ಮಾಡುತ್ತಾಳೆ. ಆದರೆ ಬರುವುದು ಟಾರ್ ರಸ್ತೆಯವರೆಗೆ. ಮಲೆನಾಡಿನಲ್ಲಿ ಮನೆಗಳು ಸಾಲಾಗಿ ಇವೆಯಾ? ಗುಡ್ಡಕ್ಕೊಂದು, ತೋಟಕ್ಕೊಂದು ಒಂಟಿ ಮನೆ. ಮಳೆಗಾಲದಲ್ಲಿ ಜೀಪೇ ಬರುವುದಿಲ್ಲ. ವಯಸ್ಸಾದವರಿಬ್ಬರೇ ಇರುವ ಮನೆಯವರು ಕಸ ಹೊತ್ತು ಒಂದೂವರೆ ಮೈಲಿ ನಡೆಯುತ್ತಾರಾ? ಮನೆ ಹಿಂದಿನ ಹಳ್ಳದ ದರೆಗೆ ಹಾಕುತ್ತಾರೆ. ಆ ಹುಡುಗಿಯ ಹತ್ತಿರ ನಾನು ಕೇಳಿದೆ. ದಿನ ಗೊತ್ತು ಮಾಡಿ ಬಸ್‌ಸ್ಟಾಪಿನಲ್ಲಿ ತಂದಿಟ್ಟರೆ ಹದಿನೈದು ದಿನಕ್ಕೊಮ್ಮೆ ಖಂಡಿತ ಒಯ್ಯುತ್ತೇನೆ ಅಕ್ಕ ಅಂದಳು. ಒಣಗಿದ ಪ್ಲಾಸ್ಟಿಕ್ ಕೊಳೆಯುವುದಿಲ್ಲ, ನಾರುವುದಿಲ್ಲ. ಹದಿನೈದು ದಿನ ಒಂದು ಚೀಲದಲ್ಲಿ ಸೌದೆ ಕೊಟ್ಟಿಗೆಯಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಬೈಯುವಾಗ ಈ ಒಂದು ಬೇಡಿಕೆಯನ್ನೂ ಇಟ್ಟು ಬೈಯಿರಿ.

ಪೇಟೆಯದ್ದು ಬೇರೆಯೇ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಕಣ್ಣಿಗೆ ಕಾಣುವ ಪ್ಲಾಸ್ಟಿಕ್ಕಿಗಿಂತ ಕಾಣದ ಚರಂಡಿ ನೀರು ದೊಡ್ಡದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ಕೆಟ್ಟ ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ್ದು 17. ಅದರಲ್ಲಿ ತುಂಗೆಯ ಹೆಸರೂ ಇದೆ, ಶಿವಮೊಗ್ಗದಿಂದ ಕೂಡ್ಲಿಯವರೆಗೆ. ಪಟ್ಟಿಯ ಕೊನೆಯ ದರ್ಜೆಯಲ್ಲಿ, ಅಂದರೆ ಇನ್ನೂ ಕೈಮೀರಿಲ್ಲ. ಆದರೆ ಭದ್ರೆಯನ್ನು ಕೂಡುವ ಮೊದಲೇ ನಮ್ಮ ತುಂಗೆ ಕೊಳಕು ಅನ್ನಿಸಿಕೊಂಡಳಲ್ಲ, ಅದು ಹೊಟ್ಟೆ ಉರಿಯುವ ಮಾತು. ಅಪ್ಪಯ್ಯನ ಅಸ್ಥಿ ಬಿಟ್ಟದ್ದು ಅದೇ ಕೂಡ್ಲಿಯಲ್ಲಿ. ಅಪ್ಪಯ್ಯ ತೋಟಕ್ಕೆ ಹೋದಾಗಲೆಲ್ಲ ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದ ನೀರು ಅದು. ಕೆಳಗೆ ಹರಿಹರದವರೂ ದಾವಣಗೆರೆಯವರೂ ಕುಡಿಯುವುದು ಇದನ್ನೇ. ಅವರಿಗೆ ನಾವು ಮೇಲಿನವರು. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಗಂಗಾವತಿ ಕಡೆಗೆ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೋಯಿತಲ್ಲ, ಆಗ ರಸ್ತೆ ಬದಿ ನಿಂತು ಕೈಮುಗಿದು ನಾನು ಮನೆಗೆ ಬಂದೆ. ಅಷ್ಟಕ್ಕೇ ಬಿಡಬಾರದಿತ್ತು.

ಗೌರಿ ಹಬ್ಬಕ್ಕೆ ಎಲ್ಲರೂ ಬರುತ್ತೀರಲ್ಲ. ಈ ಸಲ ನೀರಿನ ಬಾಟಲಿಯ ಬಾಕ್ಸ್ ತರಬೇಡಿ, ಹಂಡೆಯಲ್ಲಿ ಕುದಿಸಿ ಆರಿಸಿಟ್ಟಿರುತ್ತೇನೆ. ಊಟಕ್ಕೆ ಬಾಳೆ ಎಲೆ ಇದೆ, ತಿಂಡಿಗೆ ಹಾಳೆ ತಟ್ಟೆ ಮಾಡಿಸಿದ್ದೇನೆ. ಗಣಪತಿ ಬಿಡುವಾಗ ಹಾರ, ಕವರ್, ಬಣ್ಣದ ಕಾಗದ ಎಲ್ಲ ಮನೆಯಲ್ಲೇ ತೆಗೆದಿಟ್ಟು ಮಣ್ಣಿನ ಗಣಪನನ್ನು ಮಾತ್ರ ಒಯ್ಯೋಣ. ಹಬ್ಬದ ಮಾರನೆಯ ದಿನ ಮಳೆ ಬಿಟ್ಟಿದ್ದರೆ ಎಲ್ಲರೂ ಒಂದೊಂದು ಚೀಲ ಹಿಡಿದು ದಂಡೆಗೆ ಬನ್ನಿ. ರಾಘು, ನೀನು ಆಗ ವಿಡಿಯೊ ಮಾಡು, ಸಿಕ್ಕಿದ್ದನ್ನೆಲ್ಲ ಬೇರೆ ಬೇರೆ ರಾಶಿ ಹಾಕಿ, ಹೆಸರು ಕಾಣುವ ಹಾಗೆ. ಅದನ್ನು ತೆಗೆದುಕೊಂಡು ಪಂಚಾಯ್ತಿಗೂ ಹೋಗೋಣ, ಸೊಸೈಟಿಗೂ ಹೋಗೋಣ.

ಜೂನಿನಲ್ಲಿ ನಾವು ಕಟ್ಟಿದ್ದು 1,200 ಕೊಟ್ಟೆ, ನಮ್ಮ ಯಜಮಾನರ ಲೆಕ್ಕದ ಪುಸ್ತಕದಲ್ಲಿ ಇದೆ. ಇಳಿಸುವಾಗ ಎಣಿಸಿ ತೆಗೆದುಕೊಳ್ಳುತ್ತೇನೆ, ಹರಿದದ್ದೂ ಸೇರಿ. ಹೊಳೆಯಲ್ಲಿ ಸಿಕ್ಕಿದ್ದನ್ನು ತೊಳೆದು ಜಗಲಿಯ ಗಿಳಿಗೂಟಕ್ಕೆ ನೇತು ಹಾಕಿದ್ದೇನೆ. ಔಷಧಿ ಹೊಡೆಯಲಿಕ್ಕೆ ಕೊನೆಗಾರ ನಾಡಿದ್ದು ಬರುತ್ತಾನೆ, ಗಂಟು ತೋರಿಸಿ ಮಾತಾಡಬೇಕು.