ಹಳೇ ಹೆಂಚಿನ ಮನೆ, ತುಂಬಿದ ಅಟ್ಟ: ಫೆಂಗ್ ಶೂಯಿ ನೋಡಿ ಖಾಲಿ ಮಾಡಿದವರ ಅನುಭವ

ಕೇಳಿದ್ದು: ಹೊಸನಗರದ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಅಟ್ಟ, ನಾಗಂದಿಗೆ, ಮಂಚದ ಕೆಳಗೆ, ಎಲ್ಲೆಲ್ಲೂ ಸಾಮಾನು. ಅತ್ತೆ ಏನನ್ನೂ ಬಿಸಾಡಲು ಬಿಡುವುದಿಲ್ಲ. ಮನೆ ಜೋಡಿಸುವ ಚೀನಾದವರ ವಿದ್ಯೆ ಫೆಂಗ್ ಶೂಯಿ ಪ್ರಕಾರ ಬೇಡದ್ದನ್ನು ಹೊರಗೆ ಹಾಕಿದರೆ ಮನೆಗೆ ಒಳ್ಳೆಯದು ಅಂತಾರೆ. ನಮ್ಮ ಕಡೆ ಯಾರಾದರೂ ಮಾಡಿದ್ದೀರಾ? ಎಲ್ಲಿಂದ ಶುರು ಮಾಡಲಿ? ವಾಸ್ತುವಿಗೆ ವಿರುದ್ಧ ಆಗುತ್ತದಾ?

ತೀರ್ಥಹಳ್ಳಿ ಕಡೆಯಿಂದ:

ನಾವು ಮಾಡಿದ್ದೇವೆ, ಧೈರ್ಯವಾಗಿ ಶುರು ಮಾಡಿ. ಮೂಲೆಗಳ ಲೆಕ್ಕ ಹಾಕುತ್ತಾ ಕೂರಬೇಡಿ, ಮುಂಬಾಗಿಲಿಂದ ಹಿಡಿಯಿರಿ. ಮನೆಯೊಳಗೆ ಹರಿಯುವ ಶಕ್ತಿಗೆ ಫೆಂಗ್ ಶೂಯಿಯಲ್ಲಿ ‘ಚಿ’ ಅನ್ನುತ್ತಾರೆ. ಅದು ಒಳಗೆ ಬರುವುದೇ ಮುಂಬಾಗಿಲಿಂದ. ಅಲ್ಲೇ ಅಡ್ಡ ಇದ್ದರೆ ಒಳಗೆ ಎಷ್ಟು ಜೋಡಿಸಿದರೂ ಸುಖ ಇಲ್ಲ ಅನ್ನುವುದು ಅವರ ಮಾತು.

ನಮ್ಮ ಮನೆಯ ಬಾಗಿಲು ಪೂರ್ತಿ ತೆರೆಯುತ್ತಲೇ ಇರಲಿಲ್ಲ. ಅದರ ಹಿಂದೆ ಮೊಳೆಗಳಲ್ಲಿ ಕೊಡೆಗಳು, ಕಂಬಳಿ ಕೊಪ್ಪೆ, ಮಳೆಗೆ ತಲೆ ಮೇಲಿಂದ ಹೊದೆಯುವ ಮಾವನವರ ಕಾಲದ ಗೊರಬು. ಕೆಳಗೆ ಹರಿದ ಗಂಬೂಟು. ಎಲ್ಲ ತೆಗೆದು ನೋಡಿದರೆ ಗೊರಬು ನೇತಾಡುತ್ತಿದ್ದ ಜಾಗದಲ್ಲಿ ಅದರದೇ ಅಗಲಕ್ಕೆ ಗೋಡೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಕೈ ಇಟ್ಟರೆ ಬೇಸಿಗೆಯಲ್ಲೂ ಥಂಡಿ. ಕೆರೆದು, ಚೆನ್ನಾಗಿ ಒಣಗಲು ಬಿಟ್ಟು, ಸುಣ್ಣ ಹೊಡೆದೆವು. ಗೊರಬನ್ನು ಬಿಸಾಡಲಿಲ್ಲ, ಕೊಟ್ಟಿಗೆಯ ಮಾಡಿನ ಕೆಳಗೆ ಗಾಳಿ ಆಡುವ ಕಡೆ ಕಟ್ಟಿದ್ದೇವೆ. ಈಗ ಬಾಗಿಲು ಗೋಡೆಗೆ ತಾಗುವವರೆಗೂ ತೆರೆಯುತ್ತದೆ. ಜಗಲಿಯ ಗಾಳಿ ನೇರ ನಡುಮನೆಗೆ ಬರುತ್ತದೆ.

ಮಲೆನಾಡಿನವರಿಗೆ ಈ ವಿದ್ಯೆಯಲ್ಲಿ ಬೇಕಾಗಿರುವುದು ಇದೇ ಅಂತ ನನಗೆ ಅನಿಸಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಲ್ಲದಿದ್ದರೂ ಮಳೆಗಾಲ ಪೂರ್ತಿ ಗೋಡೆ ಒದ್ದೆ. ಗೋಡೆಗೆ ಒತ್ತಿ ಇಟ್ಟ ಪೆಟ್ಟಿಗೆ, ಗೋಣಿಚೀಲದ ಹಿಂದೆ ಗಾಳಿ ಆಡುವುದಿಲ್ಲ. ಮೊದಲು ಬೂಷ್ಟು, ಆಮೇಲೆ ಗೆದ್ದಲು. ಚಿ ನಂಬಿದರೂ ಸರಿ, ಬಿಟ್ಟರೂ ಸರಿ, ಸಾಮಾನನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಮಂಚದ ಕೆಳಗೂ ಏನೂ ಬೇಡ. ಮಲಗಿದವರ ಸುತ್ತ ಚಿ ಓಡಾಡಬೇಕು ಅಂತ ಅವರು ಹೇಳುತ್ತಾರೆ. ಅಲ್ಲಿದ್ದ ಹಳೇ ಹಾಸಿಗೆ ತೆಗೆದ ಮೇಲೆ ನನ್ನ ಮಗಳ ಬೆಳಗಿನ ಸೀನು ಕಡಿಮೆಯಾಯಿತು.

ಇನ್ನೊಂದು ವಿಷಯ, ತೊಲೆ. ತೊಲೆಯ ಕೆಳಗೆ ಮಲಗಬಾರದು ಅನ್ನುವುದು ಅವರ ನಿಯಮ. ನಮ್ಮ ಮನೆಗಳಲ್ಲಿ ತೊಲೆ ಇಲ್ಲದ ಕೋಣೆ ಎಲ್ಲಿದೆ ಹೇಳಿ! ಮಂಚವನ್ನು ಎರಡು ತೊಲೆಗಳ ನಡುವೆ ಸರಿಸಿದರೆ ಸಾಕು. ಮಲಗಿದಲ್ಲಿಂದ ಬಾಗಿಲು ಕಾಣಬೇಕು, ಆದರೆ ಕಾಲು ನೇರ ಬಾಗಿಲಿಗೆ ಬರಬಾರದು. ತಲೆಯ ಮೇಲಿನ ಅಟ್ಟದಲ್ಲಿ ಭಾರ ತುಂಬಿದ್ದರೆ ಅದನ್ನು ಮೊದಲು ಇಳಿಸಿ.

ವಾಸ್ತುವಿನ ಪ್ರಶ್ನೆ. ದಿಕ್ಸೂಚಿ ನೋಡುವ ಫೆಂಗ್ ಶೂಯಿಯವರು ಆಗ್ನೇಯವನ್ನು ಸಂಪತ್ತಿನ ಮೂಲೆ ಅನ್ನುತ್ತಾರೆ. ವಾಸ್ತುವಿನಲ್ಲಿ ಅದು ಅಗ್ನಿಯ ಜಾಗ, ಒಲೆ ಅಲ್ಲಿ. ನೈರುತ್ಯದಲ್ಲಿ ಭಾರ ಇರಲಿ ಅನ್ನುತ್ತದೆ ವಾಸ್ತು. ಫೆಂಗ್ ಶೂಯಿಯವರಿಗೆ ಅದು ಗಂಡ ಹೆಂಡತಿಯ ಸಂಬಂಧದ ಮೂಲೆ, ಅಲ್ಲಿ ಹಳೇ ಸಾಮಾನು ಪೇರಿಸಬಾರದು. ಇನ್ನೊಂದು ಪಂಥದವರು ದಿಕ್ಕನ್ನೇ ನೋಡುವುದಿಲ್ಲ. ಮುಂಬಾಗಿಲಿಂದ ಒಳಗೆ ಬಂದಂತೆ ಮನೆಯನ್ನು ಒಂಬತ್ತು ಚೌಕ ಮಾಡುತ್ತಾರೆ, ಆಗ ದೂರದ ಎಡಮೂಲೆ ಸಂಪತ್ತಿನದು. ಎಲ್ಲವನ್ನೂ ಕಲಸಿದರೆ ತಲೆ ಕೆಡುತ್ತದೆ. ಅತ್ತೆ ವಾಸ್ತು ನಂಬುವವರಾದರೆ ಈಶಾನ್ಯದಿಂದಲೇ ಖಾಲಿ ಮಾಡಿ. ಆ ಮೂಲೆ ಹಗುರ ಇರಬೇಕು ಅಂತ ವಾಸ್ತುವೇ ಹೇಳುವುದರಿಂದ ಅವರು ಬೇಡ ಅನ್ನುವುದಿಲ್ಲ.

ಅತ್ತೆಯ ಮುಂದೆ ‘ಬಿಸಾಡು’ ಅನ್ನುವ ಮಾತೇ ಎತ್ತಬೇಡಿ. ಅಡಿಕೆ ಒಣಗಿಸುವ ಕೆಲಸ ಮುಗಿದು ಅಂಗಳ ಖಾಲಿ ಇರುವ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲವನ್ನೂ ಬಿಸಿಲಿಗೆ ಹಾಕಿ. ಅವರನ್ನು ಜಗಲಿಯಲ್ಲಿ ಕೂರಿಸಿ, ಒಂದೊಂದೇ ತೋರಿಸಿ. ನಮ್ಮತ್ತೆ ಒಂದು ತಗಡಿನ ಪೆಟ್ಟಿಗೆ ತೆಗೆದರು. ಮೇಲೆ ನುಸಿಗುಳಿಗೆಯ ಪೊಟ್ಟಣ, ಕೆಳಗೆ ಅವರ ತಾಯಿಯ ಸೀರೆ. ಮಡಿಕೆ ಬಿಡಿಸಿದರೆ ಗೆರೆಗೆರೆಯಾಗಿ ಹರಿಯಿತು. ಅಂಚು ಮಾತ್ರ ಗಟ್ಟಿ ಇತ್ತು. ಅದನ್ನು ಕತ್ತರಿಸಿ ಇಟ್ಟುಕೊಂಡರು. ಉಳಿದದ್ದನ್ನು, ಜೊತೆಗೆ ಬಿರುಕು ಬಿಟ್ಟ ಭರಣಿಗಳನ್ನೂ, ತಾವೇ ತೆಗೆದುಹಾಕಿ ಅಂದರು. ತಾಮ್ರದ ಹಂಡೆ ಮತ್ತೆ ಬಚ್ಚಲಿಗೆ ಹೋಯಿತು. ಹಿರಿಯರ ಜೀವನ ಆ ಸಾಮಾನಿನಲ್ಲಿದೆ. ತೀರ್ಮಾನ ಅವರದೇ ಆಗಬೇಕು.

ಸಾಗರದಿಂದ:

ಅಕ್ಕ ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ಕಾಗದದ ಕಟ್ಟುಗಳನ್ನು ಗುಜರಿಗೆ ಕೊಡುವ ಮುಂಚೆ ಮನೆಯ ಗಂಡಸರು ಹೆಂಗಸರು ಎಲ್ಲ ಕೂತು ಬಿಡಿಸಿ ನೋಡಿ. ಹಳೇ ಪಹಣಿ, ಪಾಲುಪಟ್ಟಿ, ಕಂದಾಯ ರಸೀದಿ ಅದರಲ್ಲೇ ಇರುತ್ತದೆ. ತಾಳೆಗರಿ ಸಿಕ್ಕಿದರೆ ದಯವಿಟ್ಟು ಸುಡಬೇಡಿ, ಹೊಳೆಗೂ ಬಿಡಬೇಡಿ. ಇಲ್ಲೇ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅಂಥ ಗರಿಗಳನ್ನು ಜೋಪಾನ ಮಾಡಿದ್ದಾರೆ. ಮೊದಲು ಅಲ್ಲಿ ಕೇಳಿ.

ಶಿವಮೊಗ್ಗ, ವಿನೋಬನಗರದಿಂದ:

ನಮ್ಮದು ಚಿಕ್ಕ ಮನೆ. ಕೆಟ್ಟ ಸಾಮಾನು ಮನೆಯಲ್ಲಿರಬಾರದು ಅನ್ನುವ ಒಂದೇ ನಿಯಮ ಹಿಡಿದೆವು. ಓಡದ ಗಡಿಯಾರ, ಸುಟ್ಟ ಮಿಕ್ಸಿ, ಹಿಡಿ ಮುರಿದ ಕುಕ್ಕರ್: ರಿಪೇರಿ, ಇಲ್ಲವೇ ಗುಜರಿ. ನಗುವ ಬುದ್ಧ, ಮೂರು ಕಾಲಿನ ಕಪ್ಪೆ ಅಂತ ಅಂಗಡಿಯಲ್ಲಿ ಸಿಗುವ ಫೆಂಗ್ ಶೂಯಿ ಗೊಂಬೆಗಳನ್ನು ಈಗಲೇ ತರಬೇಡಿ. ಖಾಲಿ ಮಾಡಲು ಹೊರಟು ಹೊಸದು ತುಂಬುವುದು ಯಾಕೆ, ಅಲ್ವಾ?

ಮತ್ತೆ ತೀರ್ಥಹಳ್ಳಿಯಿಂದ:

ಹೇಳಲು ಮರೆತಿದ್ದೆ. ಅಟ್ಟಕ್ಕೆ ಒಬ್ಬರೇ ಹತ್ತಬೇಡಿ, ಹಲಗೆ ಲಡ್ಡಾಗಿರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಚೀಲದ ಸಂದಿಗೆ ಕೈ ಹಾಕುವ ಮುಂಚೆ ಉದ್ದ ಕೋಲಿನಿಂದ ತಟ್ಟಿ ನೋಡಿ, ಹಾವು, ಚೇಳು ಇರುತ್ತವೆ. ಕೆಲಸ ಜೂನ್ ಮಳೆ ಹಿಡಿಯುವ ಮೊದಲೇ ಮುಗಿಯಲಿ. ಅಂಗಳಕ್ಕೆ ಇಳಿಸಿದ್ದು ಒಮ್ಮೆ ನೆನೆದರೆ ಒಣಗಿಸಲು ದೀಪಾವಳಿಯವರೆಗೆ ಕಾಯಬೇಕು.