ರಾಜನ ಕಾಲು, ಚಿತ್ರಗಾರನ ಕೈ

"ಇದು ಅರವತ್ತು ದಾಟಿದವನ ಕಾಲಾ? ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ?"

ಸುಬ್ಬಣ್ಣ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಮಹಾರಾಜನ ಮೊಣಕಾಲು ಸ್ಕ್ರೀನಿನ ತುಂಬ ಬಂದು ನಿಂತಿತ್ತು. ಸಾಗರದಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಕರೆಂಟ್ ಹೋಗಿತ್ತು, ಹಲಸಿನ ಹಪ್ಪಳ ಖಾಲಿಯಾಗಿತ್ತು. ಇಂಥ ಹೊತ್ತಲ್ಲಿ ನಮ್ಮ ಜಗುಲಿಗೆ ಯಾವ ದೇಶದ ರಾಜನೂ ಆಗುತ್ತಾನೆ.

ಚಿತ್ರ ಕಳಿಸಿದ್ದು ಡ್ರಾಯಿಂಗ್ ಮೇಷ್ಟ್ರು. ರಿಟೈರ್ ಆದ ಮೇಲೆ ಅವರಿಗೆ ಅದೇ ಕೆಲಸ. ಊರವರೆಲ್ಲ ಬೆಳಗ್ಗೆ ಗುಲಾಬಿ ಹೂವು, ಶುಭೋದಯ ಕಳಿಸಿದರೆ ಇವರು ಒಂದೊಂದು ತೈಲಚಿತ್ರ ಕಳಿಸುತ್ತಾರೆ.

"ಹಯಸಿಂತ್ ರಿಗೋ ಅನ್ನುವವನು 1701ರಲ್ಲಿ ಬರೆದದ್ದು," ಅಂದರು ಮೇಷ್ಟ್ರು. "ಒಂಬತ್ತು ಅಡಿ ಎತ್ತರ. ಲೂಯಿಯ ಮೊಮ್ಮಗ ಆಗ ತಾನೇ ಸ್ಪೇನಿನ ರಾಜ ಆಗಿದ್ದ. ಅವನಿಗೆ ಕೊಡೋಣ ಅಂತ ಬರೆಸಿದ್ದು. ಮುಗಿದ ಮೇಲೆ ಅಜ್ಜನಿಗೇ ಎಷ್ಟು ಇಷ್ಟ ಆಯ್ತು ಅಂದ್ರೆ, ತಾನೇ ಇಟ್ಕೊಂಡುಬಿಟ್ಟ."

"ಮೊಮ್ಮಗನಿಗೆ?"

"ಇನ್ನೊಂದು ಪ್ರತಿ ಮಾಡಿಸೋಕೆ ಹೇಳಿದ."

"ಮೊಮ್ಮಗನಿಗೆ ಝೆರಾಕ್ಸು," ಅಂದ ಸುಬ್ಬಣ್ಣ. ಬ್ಯಾಂಕಲ್ಲಿ ಇದ್ದವನು. ಒರಿಜಿನಲ್ ಯಾರ ಹತ್ತಿರ ಇರಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

"ಇನ್ನೊಂದು ಗುಟ್ಟು ಕೇಳಿ. ರಾಜನನ್ನು ಎದುರಿಗೆ ನೋಡಿ ಬರೆದದ್ದು ಮುಖ ಮಾತ್ರ. ಅದೂ ಬೇರೆ ಸಣ್ಣ ಕ್ಯಾನ್ವಾಸಿನ ಮೇಲೆ. ಆಮೇಲೆ ಅದನ್ನು ತಂದು ದೊಡ್ಡ ಚಿತ್ರಕ್ಕೆ ಕೂಡಿಸಿದ."

"ಹಾಗಾದ್ರೆ ಕಾಲು ಯಾರದ್ದು?"

ಮೇಷ್ಟ್ರು ತಡವರಿಸಿದರು. ಉತ್ತರ ಬಂದದ್ದು ನಳಿನಕ್ಕನಿಂದ. ಅವರು ಕಾಲೇಜಲ್ಲಿ ಇತಿಹಾಸ ಪಾಠ ಮಾಡುತ್ತಾರೆ. "ಕಾಲು ಅವನದ್ದೇ ಅನ್ನಿ. ಆದರೆ ಐವತ್ತು ವರ್ಷ ಹಳೇದು. 1653ರಲ್ಲಿ, ಹದಿನಾಲ್ಕನೇ ವಯಸ್ಸಲ್ಲಿ, ಇಡೀ ರಾತ್ರಿಯ ಒಂದು ಬ್ಯಾಲೆಯಲ್ಲಿ ಉದಯಿಸುವ ಸೂರ್ಯನ ಪಾತ್ರ ಮಾಡಿದ್ದ. 'ಸೂರ್ಯ ರಾಜ' ಅಂತ ಹೆಸರು ನಿಂತಿದ್ದು ಸುಮ್ನೆ ಅಲ್ಲ. ಒಳ್ಳೇ ನರ್ತಕ. ಕಾಲಿನ ಬಗ್ಗೆ ಸ್ವಲ್ಪ ಜಾಸ್ತಿನೇ ಹೆಮ್ಮೆ."

"ಆದರೆ ಮುಖ ನೋಡಿ," ಅಂದರು ಮೇಷ್ಟ್ರು. "ಕೆನ್ನೆ ಒಳಗೆ ಹೋಗಿದೆ, ಬಾಯಿ ಬಿಗಿದಿದೆ. 1685ರಲ್ಲಿ ಹಲ್ಲು ಕೀಳೋಕೆ ಹೋದವರು ಮೇಲಿನ ದವಡೆಯನ್ನೂ ಮುರಿದಿದ್ದರು. ನೀರು ಕುಡಿದರೆ ಮೂಗಲ್ಲಿ ಬರುತ್ತಿತ್ತಂತೆ. ರಿಗೋ ಅದನ್ನು ಮುಚ್ಚಿಡಲಿಲ್ಲ. ಕತ್ತಿನ ಮೇಲೆ ಸತ್ಯ, ಕತ್ತಿನ ಕೆಳಗೆ ಸರ್ಕಾರ."

ಈ ಮಾತು ನಮಗೆಲ್ಲ ಹಿಡಿಸಿತು. ಫೋನು ಕೈಯಿಂದ ಕೈಗೆ ಹೋಯಿತು. ಸರ್ಕಾರದ ಭಾಗವನ್ನು ನಾನೂ ಹಿಗ್ಗಿಸಿ ನೋಡಿದೆ. ಹೊರಗೆ ನೀಲಿ, ಒಳಗೆ ಬಿಳಿ ತುಪ್ಪಳದ ಭಾರೀ ನಿಲುವಂಗಿ. ಅದು ಎಡಗಡೆ ಹೆಗಲ ಮೇಲೆ ಸರಿದಿದೆ. ಸರಿದಿದ್ದೇ ಕಾಲು ಕಾಣಲಿ ಅಂತ. ಸೊಂಟದಲ್ಲಿ ಪಟ್ಟಾಭಿಷೇಕದ ಖಡ್ಗ. ಕೆಂಪು ಹಿಮ್ಮಡಿಯ ಬೂಟು. ಬಲಗೈಯಲ್ಲಿ ರಾಜದಂಡ. ಅದನ್ನೂ ತಲೆಕೆಳಗು ಮಾಡಿ ಊರಿ ನಿಂತಿದ್ದಾನೆ, ವಾಕಿಂಗ್ ಸ್ಟಿಕ್ಕಿನ ಹಾಗೆ. ಅದರಲ್ಲೇ ಇರುವುದು ಠೀವಿ. ಅಧಿಕಾರ ಹೊಸದಾಗಿ ಸಿಕ್ಕವನು ದಂಡವನ್ನು ಎತ್ತಿ ಹಿಡಿಯುತ್ತಾನೆ. ಇವನು ಅದರ ಮೇಲೆ ಒರಗುತ್ತಾನೆ.

"'ರಾಜ್ಯ ಅಂದ್ರೆ ನಾನೇ' ಅಂದವನು ಇವನೇ ಅಲ್ವಾ?" ನಾನು ಕೇಳಿದೆ.

"ಅಂದ ಅನ್ನೋಕೆ ಪುರಾವೆ ಇಲ್ಲ," ಅಂದರು ನಳಿನಕ್ಕ. "ಅನ್ನುವ ಅಗತ್ಯವೂ ಇರಲಿಲ್ಲ. 1643ರಿಂದ 1715ರವರೆಗೆ 72 ವರ್ಷ ಆಳಿದ. ದೇಶದ ಪ್ರತಿನಿಧಿಗಳ ಸಭೆ ಒಂದು ಸಲವೂ ಸೇರಲಿಲ್ಲ. ಅಧಿಕಾರ ಕೊಟ್ಟವನು ದೇವರು, ಲೆಕ್ಕ ಕೇಳುವವನೂ ದೇವರೇ. ನಡುವೆ ಆಡಿಟ್ ಇಲ್ಲ."

ಸುಬ್ಬಣ್ಣ ನಿಟ್ಟುಸಿರು ಬಿಟ್ಟ. ಆಡಿಟ್ ಇಲ್ಲದ ಜೀವನ ಅವನ ಬಹಳ ದಿನದ ಕನಸು.

ನಳಿನಕ್ಕ ಕವಳದ ಬಟ್ಟಲು ಹತ್ತಿರ ಎಳೆದುಕೊಂಡರು. ಅವರು ಅಡಿಕೆ ಹೋಳು ಆರಿಸತೊಡಗಿದರೆ ಕಥೆ ಬರುತ್ತದೆ ಅಂತ ಅರ್ಥ. "ಇವನು ಪಟ್ಟಕ್ಕೆ ಬಂದಾಗ ಐದು ವರ್ಷವೂ ತುಂಬಿರಲಿಲ್ಲ. ಆಮೇಲೆ ಶ್ರೀಮಂತರೆಲ್ಲ ದಂಗೆ ಎದ್ದರು. 1651ರ ಒಂದು ರಾತ್ರಿ, ಹುಡುಗ ರಾಜ ಪ್ಯಾರಿಸ್ ಬಿಟ್ಟು ಓಡಿಹೋಗಿದ್ದಾನೆ ಅಂತ ಗುಲ್ಲೆದ್ದಿತು. ಜನ ಅರಮನೆಗೆ ನುಗ್ಗಿದರು. ತಾಯಿ ಏನು ಮಾಡಬೇಕು? ಬನ್ನಿ, ನೋಡಿ ಅಂದಳು. ಮಂಚದ ಪಕ್ಕ ಒಬ್ಬೊಬ್ಬರೇ ಬಂದು ನೋಡಿ ಹೋದರು. ಹನ್ನೆರಡು ವರ್ಷದ ಹುಡುಗ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಮಲಗಿದ್ದ."

"ಪಾಪ," ಅಂದೆ.

"ಪಾಪ ಅನ್ನೋಕೆ ಮುಂಚೆ ಮುಂದಿನದ್ದು ಕೇಳಿ. ಅದೇ ಹುಡುಗ ದೊಡ್ಡವನಾಗಿ ವರ್ಸೇಲ್ಸ್ ಅರಮನೆ ಕಟ್ಟಿಸಿದ. 1682ರಲ್ಲಿ ಆಸ್ಥಾನವನ್ನೇ ಅಲ್ಲಿಗೆ ಒಯ್ದ. ಬೆಳಗ್ಗೆ ರಾಜ ಏಳುವುದನ್ನು ನೋಡೋಕೆ ದೊಡ್ಡ ದೊಡ್ಡ ಮನೆತನದವರು ಬಾಗಿಲಲ್ಲಿ ಕಾಯಬೇಕು. ಅಂಗಿ ಕೊಡುವುದು ಒಬ್ಬನ ಗೌರವ. ರಾತ್ರಿ ಮಲಗುವಾಗ ಮೇಣದಬತ್ತಿ ಹಿಡಿಯುವುದು ಇನ್ನೊಬ್ಬನ ಭಾಗ್ಯ. ಯಾರ ಅಪ್ಪಂದಿರು ದಂಗೆ ಎದ್ದಿದ್ದರೋ ಅವರ ಮಕ್ಕಳೇ ಈಗ ಬತ್ತಿ ಹಿಡಿಯೋಕೆ ಕಿತ್ತಾಡುತ್ತಿದ್ದರು. ಮಂಚ ನೋಡೋಕೆ ಬಂದಿದ್ರಿ ಅಲ್ವಾ? ದಿನಾ ಬನ್ನಿ ಅಂದ."

ಇದು ನಳಿನಕ್ಕನ ಸ್ವಂತ ಸಿದ್ಧಾಂತ. ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತೋ ಇಲ್ಲವೋ, ನನಗಂತೂ ಸರಿ ಅನ್ನಿಸಿತು. ಅಲ್ಲಿ ತೋಟವೂ ನಾಟಕವೇ ಅಂತೆ. ಎಲ್ಲ ಕಾರಂಜಿಯೂ ಒಟ್ಟಿಗೆ ಚಿಮ್ಮುವಷ್ಟು ನೀರು ಇರಲಿಲ್ಲ. ರಾಜ ಬರುತ್ತಿದ್ದ ಹಾಗೆ ಆಳುಗಳು ಸೀಟಿ ಊದಬೇಕು. ಮುಂದಿನ ಕಾರಂಜಿಯವನು ನಲ್ಲಿ ತಿರುಗಿಸಬೇಕು. ರಾಜ ದಾಟಿದ ಮೇಲೆ ಹಿಂದಿನದು ಬಂದ್.

"ನಮ್ಮ ವಾಟರ್‌ಮ್ಯಾನೂ ಹಾಗೇ ಮಾಡೋದು," ಅಂದ ಸುಬ್ಬಣ್ಣ. "ರಾಜ ಯಾರು ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ."

ಮೇಷ್ಟ್ರು ಅಷ್ಟರಲ್ಲಿ ಇನ್ನೊಂದು ಚಿತ್ರ ಹುಡುಕಿ ತೆಗೆದಿದ್ದರು. ಇಂಗ್ಲೆಂಡಿನ ಲೇಖಕ ಥ್ಯಾಕರೆ 1840ರಲ್ಲಿ ಬರೆದ ವ್ಯಂಗ್ಯಚಿತ್ರ. ಮೂರು ಆಕೃತಿಗಳು. ಮೊದಲನೆಯದು ಗೂಟಕ್ಕೆ ತೊಡಿಸಿದ ನಿಲುವಂಗಿ, ವಿಗ್ಗು, ಬೂಟು. ಒಳಗೆ ಯಾರೂ ಇಲ್ಲ. ಎರಡನೆಯದು ಬೋಳುತಲೆಯ, ಹೊಟ್ಟೆ ಬಂದ ಗಿಡ್ಡ ಮುದುಕ, ಕೈಯಲ್ಲಿ ಕೋಲು. ಮೂರನೆಯದು ಎರಡೂ ಸೇರಿ ಮಹಾರಾಜ.

"ಚೌಕಿಯಲ್ಲಿ ಕಿರೀಟ ತೆಗೆದಿಟ್ಟು ಬೀಡಿ ಸೇದುವ ದುರ್ಯೋಧನ," ಅಂದೆ. ಯಕ್ಷಗಾನದ ಊರಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಎಲ್ಲ ಚಿತ್ರವೂ ಲೂಯಿಗೆ ಇಷ್ಟ ಆಗ್ತಿತ್ತಾ?"

"ಎಲ್ಲಿ ಬಂತು! ಬರ್ನಿನಿಯ ಪಾಡು ಕೇಳಿ," ಮೇಷ್ಟ್ರ ದನಿ ಏರಿತು. ಕಲಾವಿದರಿಗೆ ಅನ್ಯಾಯ ಆದ ಕಥೆ ಅವರಿಗೆ ಬಹಳ ಪ್ರೀತಿ. "ರೋಮಿನ ದೊಡ್ಡ ಶಿಲ್ಪಿ. ಲೂಯಿ ಕುದುರೆ ಮೇಲೆ ಕೂತ ಅಮೃತಶಿಲೆಯ ಮೂರ್ತಿ ಕೆತ್ತಿದ. ಅದು ಫ್ರಾನ್ಸಿಗೆ ಬಂದದ್ದು 1685ರಲ್ಲಿ. ಬರ್ನಿನಿ ಸತ್ತು ಐದು ವರ್ಷ ಆಗಿತ್ತು. ಲೂಯಿ ನೋಡಿದ. ಹಿಡಿಸಲಿಲ್ಲ. ಒಡೆದುಹಾಕಿ ಅಂದ."

"ಒಡೆದರಾ?"

"ಇಲ್ಲ. ಆಸ್ಥಾನದ ಶಿಲ್ಪಿ ಜಿರಾರ್ದೋ ಅದರ ತಲೆ ತಿದ್ದಿ, ಹೆಲ್ಮೆಟ್ ಇಟ್ಟು, ಕುದುರೆ ಕೆಳಗೆ ಬೆಂಕಿ ಕೆತ್ತಿ, ಮಾರ್ಕಸ್ ಕರ್ಟಿಯಸ್ ಮಾಡಿಬಿಟ್ಟ. ಊರು ಉಳಿಸೋಕೆ ಕುದುರೆ ಸಮೇತ ಕಂದಕಕ್ಕೆ ಹಾರಿದ ಹಳೇ ರೋಮನ್ ವೀರ. ಆಮೇಲೆ ತೋಟದ ಆಚೆ ತುದಿಯಲ್ಲಿ, ದೊಡ್ಡ ಕೆರೆ ದಾಟಿ ಇಟ್ಟರು."

"ಎತ್ತಂಗಡಿ," ಅಂದ ಸುಬ್ಬಣ್ಣ. "ಹೆಸರು ಬದಲಿಸಿ ವರ್ಗ ಮಾಡಿದರು."

ಇಂಗ್ಲೆಂಡಿನ ಒಂದನೇ ಚಾರ್ಲ್ಸ್‌ಗೆ ಇಷ್ಟು ಅದೃಷ್ಟ ಇರಲಿಲ್ಲ ಅಂದರು ನಳಿನಕ್ಕ. ಅವನೂ ದೇವರೇ ಕೊಟ್ಟ ಅಧಿಕಾರ ಅಂತ ನಂಬಿದವನು. 1629ರಿಂದ ಹನ್ನೊಂದು ವರ್ಷ ಪಾರ್ಲಿಮೆಂಟ್ ಕರೆಯದೆ ಆಳಿದ. ಆಳು ಗಿಡ್ಡ. ವ್ಯಾನ್ ಡೈಕ್ ಎಂಬ ಚಿತ್ರಗಾರ ಅದಕ್ಕೊಂದು ಉಪಾಯ ಮಾಡಿದ. ಬೇಟೆಯ ಚಿತ್ರದಲ್ಲಿ ರಾಜನ ಪಕ್ಕದ ಕುದುರೆ ತಲೆ ತಗ್ಗಿಸಿ ನಿಂತಿದೆ. ನೋಡಿದವರಿಗೆ ಕುದುರೆಯೂ ನಮಸ್ಕಾರ ಮಾಡಿದ ಹಾಗೆ ಕಾಣುತ್ತದೆ, ರಾಜನೂ ಎತ್ತರ ಕಾಣುತ್ತಾನೆ.

"ಮೇಲಿಂದ ಚಾರ್ಲ್ಸ್ ತನ್ನ ಅಪ್ಪ ಜೇಮ್ಸ್‌ನನ್ನು ಸ್ವರ್ಗಕ್ಕೆ ಹತ್ತಿಸಿದ. ಲಂಡನ್ನಿನ ಬ್ಯಾಂಕ್ವೆಟಿಂಗ್ ಹೌಸಿನ ಚಾವಣಿಗೆ ರೂಬೆನ್ಸ್ ಕೈಯಲ್ಲಿ ಬರೆಸಿದ ಚಿತ್ರ. ಹದ್ದು, ದೇವತೆಗಳು, ನಡುವೆ ಅಪ್ಪ. 1636ರಲ್ಲಿ ಕೂರಿಸಿದರು. ರೂಬೆನ್ಸ್‌ಗೆ 3000 ಪೌಂಡು, ಜೊತೆಗೆ ಚಿನ್ನದ ಸರ."

"ಅಪ್ಪನ ಶ್ರಾದ್ಧಕ್ಕೆ ದುಬಾರಿ ಆಯ್ತು."

"ಇನ್ನೂ ಇದೆ. ಪಂಜಿನ ಹೊಗೆಗೆ ಚಿತ್ರ ಹಾಳಾಗುತ್ತೆ ಅಂತ ಆ ಹಾಲಿನಲ್ಲಿ ರಾತ್ರಿ ನಾಟಕ ಆಡುವುದನ್ನೇ ನಿಲ್ಲಿಸಿದರು. 1649ರ ಜನವರಿ 30. ಚಾರ್ಲ್ಸ್‌ಗೆ ಮರಣದಂಡನೆ. ಚಳಿಗೆ ನಡುಗಿದರೆ ಜನ ಭಯ ಅಂದುಕೊಂಡಾರು ಅಂತ ಎರಡು ಅಂಗಿ ಹಾಕಿಕೊಂಡ. ಅವನನ್ನು ಅದೇ ಹಾಲಿನ ಮೂಲಕ, ಅದೇ ಚಾವಣಿಯ ಕೆಳಗೆ ನಡೆಸಿಕೊಂಡು ಹೋದರು. ವಧೆಯ ಕಟ್ಟೆ ಹೊರಗೆ, ಆ ಕಟ್ಟಡದ ಎದುರಿಗೇ ಇತ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸುಬ್ಬಣ್ಣ ಮಾತ್ರ ನಮ್ಮ ಜಗುಲಿಯ ಚಾವಣಿಯನ್ನು ಒಂದು ಸಲ ನೋಡಿ, ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡ.

"ಹೆಂಗಸರು ಯಾರೂ ಬರೀಲಿಲ್ವಾ ಈ ರಾಜರನ್ನು?" ನಾನು ಕೇಳಿದೆ.

"ವಿಜೆ ಲ ಬ್ರುನ್! ಫ್ರಾನ್ಸಿನ ಹದಿನಾರನೇ ಲೂಯಿಯ ರಾಣಿ ಮೇರಿ ಆಂಟೊನೆಟ್‌ಳನ್ನು ಬರೆದವಳು," ಅಂದರು ಮೇಷ್ಟ್ರು. "1783ರಲ್ಲಿ ರಾಣಿಯನ್ನು ಬಿಳೀ ಮಸ್ಲಿನ್ ಗೌನು, ಹುಲ್ಲಿನ ಟೋಪಿ ಹಾಕಿಸಿ ಬರೆದಳು. ಆರಾಮವಾಗಿ, ಮನೆಯಲ್ಲಿದ್ದ ಹಾಗೆ. ಪ್ಯಾರಿಸ್ ಹೊತ್ತಿ ಉರಿಯಿತು. ರಾಣಿ ಒಳಂಗಿಯಲ್ಲಿ ಕೂತಿದ್ದಾಳೆ ಅಂದರು. ಪ್ರದರ್ಶನದಿಂದ ಚಿತ್ರ ಇಳಿಸಿ, ರೇಷ್ಮೆ ಉಡಿಸಿ ಇನ್ನೊಂದು ಬರೆಯಬೇಕಾಯ್ತು."

ಇವತ್ತು ರಾಣಿ ತುಂಬಾ ಖರ್ಚು ಮಾಡುತ್ತಾಳೆ ಅಂತ ಬೈಯುವುದು. ನಾಳೆ ಕಾಟನ್ ಉಟ್ಟಳು ಅಂತ ಬೈಯುವುದು. ನನಗೆ ಆ ಹೆಂಗಸಿನ ಮೇಲೆ ಅಲ್ಲಿಯವರೆಗೆ ಇಲ್ಲದ ಕನಿಕರ ಹುಟ್ಟಿತು.

"ಇದೇ ವಿಜೆ ಲ ಬ್ರುನ್ ನಮ್ಮ ಕಡೆಯವನನ್ನೂ ಬರೆದಿದ್ದಾಳೆ," ಅಂದರು ನಳಿನಕ್ಕ. "1788ರಲ್ಲಿ ಟಿಪ್ಪು ಸುಲ್ತಾನ್ ಕಳಿಸಿದ ಮೂರು ರಾಯಭಾರಿಗಳು ಹದಿನಾರನೇ ಲೂಯಿ ಹತ್ತಿರ ಬಂದರು. ಇಂಗ್ಲಿಷರ ಮೇಲೆ ಸೈನ್ಯದ ಸಹಾಯ ಬೇಕಿತ್ತು. ಪ್ಯಾರಿಸ್ಸಿಗೆ ಪ್ಯಾರಿಸ್ಸೇ ಇವರ ಹಿಂದೆ ಬಿತ್ತು. ಅವರಲ್ಲಿ ಮೊಹಮ್ಮದ್ ದರ್ವೇಶ್ ಖಾನ್‌ನನ್ನು ಬರೆಯಬೇಕು ಅಂತ ಇವಳಿಗೆ ಆಸೆ. ನಿಮ್ಮ ರಾಜ ಹೇಳಿದರೆ ಮಾತ್ರ ನಿಲ್ಲುತ್ತೀನಿ ಅಂದ. ರಾಜನಿಂದ ಹೇಳಿಸಿದಳು. ನಿಂತ. ಮಸ್ಲಿನ್ ನಿಲುವಂಗಿ, ಕೈಯಲ್ಲಿ ಕತ್ತಿ. ಆ ಗತ್ತು ನೋಡಿದರೆ ಅವನೇ ಸುಲ್ತಾನ ಅನ್ನಬೇಕು."

"ಆಮೇಲೆ?"

"ಚಿತ್ರ ಮುಗಿಯಿತು. ಕೊಡಲ್ಲ ಅಂದ! ತನ್ನ ಹಾಸಿಗೆ ಹಿಂದೆ ಬಚ್ಚಿಟ್ಟುಕೊಂಡ. ಆ ಚಿತ್ರಕ್ಕೆ ಒಂದು ಆತ್ಮ ಬೇಕು ಅಂತ ಬೇರೆ ವಾದ. ಕೊನೆಗೆ ಅದನ್ನು ಉಪಾಯದಿಂದ ಕದ್ದು ತರಿಸಬೇಕಾಯ್ತು. ಅವನು ಸಿಟ್ಟಿಗೆದ್ದು ತನ್ನ ಆಳನ್ನು ಕೊಲ್ಲುತ್ತೀನಿ ಅಂತ ಹೊರಟ. ಪ್ಯಾರಿಸ್ಸಲ್ಲಿ ಹಾಗೆಲ್ಲ ಆಳುಗಳನ್ನು ಕೊಲ್ಲೋ ಪದ್ಧತಿ ಇಲ್ಲ ಅಂತ ದುಭಾಷಿ ತಿಳಿಸಿ ಹೇಳಬೇಕಾಯ್ತು. ಇದನ್ನೆಲ್ಲ ಅವಳೇ ನೆನಪಿನ ಬರಹದಲ್ಲಿ ಹೇಳಿಕೊಂಡಿದ್ದಾಳೆ."

"ಚಿತ್ರ ಬರೆದದ್ದು ಎಂಥಾ ಹೊತ್ತಲ್ಲಿ!" ಅಂದರು ಮೇಷ್ಟ್ರು. "ಆ ಚಿತ್ರ ಪ್ರದರ್ಶನಕ್ಕೆ ಬಂದದ್ದು 1789ರಲ್ಲಿ. ಕ್ರಾಂತಿ ಶುರುವಾಗಿ, ಪ್ಯಾರಿಸ್ಸಿನ ಬಾಸ್ಟೀಲ್ ಸೆರೆಮನೆ ಆಗಲೇ ಜನರ ಕೈಗೆ ಬಿದ್ದಿತ್ತು. 1793ಕ್ಕೆ ರಾಜನೇ ಇರಲಿಲ್ಲ. ಚಿತ್ರ ಇದೆ. 2019ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಯಿತು. 70 ಲಕ್ಷ ಡಾಲರಿಗೂ ಜಾಸ್ತಿ."

ಸುಬ್ಬಣ್ಣ ಮನಸ್ಸಿನಲ್ಲೇ ರೂಪಾಯಿ ಮಾಡತೊಡಗಿದ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಅರ್ಧಕ್ಕೆ ನಿಲ್ಲಿಸಿ ಕೇಳಿದ. "ಅದಿರಲಿ, ಸೈನ್ಯ ಕೊಟ್ಟನಾ?"

"ಎಲ್ಲಿಂದ ಕೊಡ್ತಾನೆ? ಖಜಾನೆ ಬರಿದು. ಉಪಚಾರ ಮಾಡಿದ, ಸೆವ್ರ್ ಕಾರ್ಖಾನೆಯ ಚೆಂದದ ಪಿಂಗಾಣಿ ಸಾಮಾನು ಕೊಟ್ಟು ಕಳಿಸಿದ."

"ಯುದ್ಧಕ್ಕೆ ಸೈನ್ಯ ಕೇಳಿದ್ರೆ ಕಪ್ಪು-ಸಾಸರು ಕೊಟ್ಟ!" ಸುಬ್ಬಣ್ಣ ಕವಳ ಉಗುಳಲು ಅಂಗಳದ ಕಡೆ ಎದ್ದವನು ಅಲ್ಲೇ ತಿರುಗಿ ನಿಂತ. "ಶ್ರೀರಂಗಪಟ್ಟಣಕ್ಕೆ ಬರುವಷ್ಟರಲ್ಲಿ ಎಷ್ಟು ಒಡೆದಿತ್ತು, ಅದನ್ನಾದ್ರೂ ಹೇಳಿ."