ಫ್ಯಾನ್ ತಿರಗತೈತಿ, ಡಿಸ್‌ಪ್ಲೇ ಬರವಲ್ದು

ಪ್ರಶ್ನೆ (ಹುಬ್ಬಳ್ಳಿ): ಅಂಗಡಿಯಾಗಿನ ಡೆಸ್ಕ್‌ಟಾಪ್, ರಸ್ತೆ ಧೂಳು ಭಾಳ. ಪವರ್ ಒತ್ತಿದ್ರ ಫ್ಯಾನ್ ತಿರಗತೈತಿ, ಮಾನಿಟರ್ ಕಪ್ಪಗ ಇರತೈತಿ. ಮದರ್‌ಬೋರ್ಡ್ ಪೆಟ್ರೋಲ್‌ಲೆ ತೊಳೀಬಹುದೇನ್ರಿ?

ಉತ್ತರ (ಗದಗ): ಪೆಟ್ರೋಲ್, ಥಿನ್ನರ್ ಎರಡೂ ಬ್ಯಾಡ್ರಿ. ಪ್ಲಾಸ್ಟಿಕ್ ಸ್ಲಾಟ್ ಹಾಳಾಗತಾವ, ಬೆಂಕಿ ಭಯ ಬ್ಯಾರೆ. ಪ್ಲಗ್ ಕಿತ್ತು ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡೀರಿ, ಉಳಿದ ಚಾರ್ಜ್ ಇಳೀತೈತಿ. ಕೇಸಿನ ಬಣ್ಣ ಇಲ್ಲದ ಲೋಹ ಮುಟ್ಟಿ ಮೈಯಾಗಿನ ಸ್ಟ್ಯಾಟಿಕ್ ಕರೆಂಟ್ ಕಳದು ಕೈ ಹಚ್ಚರಿ. ಧೂಳು ಮೆತ್ತನ್ನ ಬ್ರಷ್, ಬ್ಲೋವರ್‌ಲೆ ತೆಗೀರಿ. ಫ್ಯಾನಿನ ರೆಕ್ಕಿ ಬೆರಳಿಲೆ ಹಿಡಕೋರಿ. ಗಾಳಿಗೆ ಜೋರ ತಿರುಗಿದ್ರ ಬೇರಿಂಗ್ ಕೆಡತೈತಿ. ಜಿಡ್ಡು ಇದ್ದಲ್ಲಿ ಅಷ್ಟ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಪೂರ್ತಿ ಒಣಗಿದ ಮ್ಯಾಲ ಕರೆಂಟ್ ಕೊಡ್ರಿ.

ಉತ್ತರ (ಧಾರವಾಡ): ಮೊದಲ ರ್‍ಯಾಮ್ (ಬೋರ್ಡಿನ ಸ್ಲಾಟಿನ್ಯಾಗ ಕೂಡೂ ಮೆಮೊರಿ ಪಟ್ಟಿ) ನೋಡ್ರಿ. ತೆಗದು, ಬಂಗಾರ ಬಣ್ಣದ ಪಟ್ಟಿ ಪೆನ್ಸಿಲ್ ರಬ್ಬರ್‌ಲೆ ಹಗೂರಕ ಒರಸಿ, ಕ್ಲಿಪ್ ಟಕ್ ಅನ್ನೂತನಕ ಕೂಡಸರಿ. ಒಂದ ರ್‍ಯಾಮ್ ಇಟ್ಟು ಚಾಲೂ ಮಾಡ್ರಿ. ಆಗಲಿಲ್ಲಂದ್ರ ರ್‍ಯಾಮ್ ಪೂರ್ತಿ ತೆಗದು, ಬೋರ್ಡಿಗೆ ಸಣ್ಣ ಸ್ಪೀಕರ್ ಹಚ್ಚಿ ಚಾಲೂ ಮಾಡ್ರಿ. ಬೀಪ್ ಬಂದ್ರ ಪ್ರೊಸೆಸರ್ ಕೆಲಸ ಮಾಡಾಕತ್ತೈತಿ ಅಂತ ತಿಳೀರಿ.

ಉತ್ತರ (ಹಾವೇರಿ): ರಬ್ಬರ್ ನನಗ ಒಪ್ಪಿಗಿ ಇಲ್ಲ, ತೆಳು ಬಂಗಾರದ ಲೇಪ ಸವೀತೈತಿ, ಪುಡಿ ಸ್ಲಾಟಿನ್ಯಾಗ ಬೀಳತೈತಿ. ಆಲ್ಕೋಹಾಲ್ ಸಾಕ್ರಿ. ಮಲ್ಟಿಮೀಟರ್‌ಲೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಕೊಡೂ ಡಬ್ಬಿ) ಬರೂ ಹಳದಿ ವಾಯರ್ ನೋಡ್ರಿ: 11.4ರಿಂದ 12.6 ವೋಲ್ಟ್ ಒಳಗ ಇರಬೇಕು. ಕಡಿಮಿ ಇದ್ರ ತಪ್ಪು ಎಸ್‌ಎಂಪಿಎಸ್‌ದು. ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್ (ಸಣ್ಣ ಡಬ್ಬಿಯಂಥ ಭಾಗ) ತಲಿ ಉಬ್ಬಿದ್ರ ಸ್ವಚ್ಛ ಮಾಡಿ ಉಪಯೋಗಿಲ್ಲ, ಬದಲಿ ಹಾಕಸರಿ.